ಆಕ್ಸಿಲರೇಟರ್ ತುಳಿದು ಹಿಡಿದರೆ ಥ್ರಾಟಲ್ ಬಾಡಿ ‘ರೀಸೆಟ್’ ಆಗಿ ಇಂಜಿನ್ ನಡುಕ ನಿಲ್ಲುತ್ತದೆಯೇ?

ಸಿಗ್ನಲ್‌ನಲ್ಲಿ ನಿಂತಾಗ ಕಾರು ಗಡಗಡ ನಡುಗುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಕುಣಿಯುತ್ತದೆ. ಇದಕ್ಕೆ ಪರಿಹಾರವೆಂದು ಫಾರ್ವರ್ಡ್‌ಗಳಲ್ಲಿ ಬರುವ ‘ಟ್ರಿಕ್’ ಹೀಗಿದೆ: ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತುಳಿದು ಕೆಲವು ಸೆಕೆಂಡ್ ಹಿಡಿಯಿರಿ, ಬಿಟ್ಟು ಕೀ ಆಫ್ ಮಾಡಿ. ಥ್ರಾಟಲ್ ಬಾಡಿ ರೀಸೆಟ್ ಆಯಿತು, ಗ್ಯಾರೇಜ್ ಖರ್ಚು ಉಳಿಯಿತು! ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಎಲ್ಲ ಕಾರಿಗೂ, ಎಲ್ಲ ನಡುಕಕ್ಕೂ ಇದೇ ಮದ್ದು ಎನ್ನುವುದು ಸರಿಯಲ್ಲ.

ಥ್ರಾಟಲ್ ಬಾಡಿಯ ಕೆಲಸವೇನು?

ಪೆಟ್ರೋಲ್ ಇಂಜಿನ್‌ಗೆ ಹೋಗುವ ಗಾಳಿಯ ದಾರಿಯಲ್ಲಿರುವ ಬಾಗಿಲು ಇದು. ಈಗಿನ ಕಾರುಗಳಲ್ಲಿ ಪೆಡಲ್‌ಗೂ ಈ ಬಾಗಿಲಿಗೂ ನೇರ ಕೇಬಲ್ ಇಲ್ಲ. ಪೆಡಲ್‌ನ ಸೆನ್ಸರ್ ಇಸಿಯುಗೆ, ಅಂದರೆ ಇಂಜಿನ್‌ನ ಕಂಪ್ಯೂಟರ್‌ಗೆ ಹೇಳುತ್ತದೆ. ಅದು ಮೋಟಾರ್ ಮೂಲಕ ಬಾಗಿಲನ್ನು ತೆರೆಯುತ್ತದೆ. ಕಾಲು ತೆಗೆದಾಗಲೂ ಇಂಜಿನ್ ಆಫ್ ಆಗದಂತೆ ಸಣ್ಣ ಸಂದು ಇರುತ್ತದೆ. ಬಿಸಿಯಾದ ಇಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ಓಡುತ್ತಿರುತ್ತದೆ.

ಕಾಲಕ್ರಮೇಣ ಈ ಸಂದಿನ ಅಂಚಿನಲ್ಲಿ ಎಣ್ಣೆಯಂಶ, ಮಸಿ ಕೂರುತ್ತದೆ. ಗಾಳಿ ಕಡಿಮೆಯಾದಾಗ ಇಸಿಯು ಬಾಗಿಲನ್ನು ತುಸು ಹೆಚ್ಚು ತೆರೆದು ಸರಿದೂಗಿಸುತ್ತದೆ, ಅದನ್ನು ನೆನಪಿಟ್ಟುಕೊಳ್ಳುತ್ತದೆ.

ರೀಸೆಟ್ ಯಾವಾಗ ಬೇಕು?

ಮಸಿ ತೆಗೆದ ಮೇಲೆ ಹಳೆಯ ನೆನಪು ಹೊಂದುವುದಿಲ್ಲ. ಗಾಳಿ ಹೆಚ್ಚಾಗಿ ಆರ್‌ಪಿಎಂ ಏರಬಹುದು, ಏರಿಳಿಯಬಹುದು. ಹೊಸ ಥ್ರಾಟಲ್ ಬಾಡಿ ಹಾಕಿದಾಗ, ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದಾಗಲೂ ಇಸಿಯು ಮತ್ತೆ ಕಲಿಯಬೇಕಾಗುತ್ತದೆ. ಕೆಲವು ಕಾರು ಓಡಿಸುತ್ತಾ ತಾನೇ ಕಲಿಯುತ್ತದೆ, ಕೆಲವಕ್ಕೆ ಸ್ಕ್ಯಾನರ್ ಬೇಕು.

ಪೆಡಲ್‌ನಿಂದಲೇ ಮಾಡುವ ಕ್ರಮವೂ ಇದೆ. ನಿಸ್ಸಾನ್‌ನ ಹಲವು ಮಾದರಿಗಳಲ್ಲಿ ಕೀ ಆನ್ ಮಾಡಿ 3 ಸೆಕೆಂಡ್ ಕಾದು, 5 ಸೆಕೆಂಡ್‌ನೊಳಗೆ ಪೆಡಲನ್ನು 5 ಸಲ ಪೂರ್ತಿ ಒತ್ತಿ ಬಿಟ್ಟು, ಮತ್ತೆ 7 ಸೆಕೆಂಡ್ ಕಾದು ಒತ್ತಿ ಹಿಡಿಯಬೇಕು. ಅದಕ್ಕೂ ಮೊದಲು ಇಂಜಿನ್ ಬಿಸಿಯಾಗಿರಬೇಕು, ಎಸಿ, ಲೈಟ್ ಆಫ್ ಆಗಿರಬೇಕು. ಒಂದು ಕಂಪನಿಯ ಇಂಥ ಕ್ರಮ ಇನ್ನೊಂದು ಕಂಪನಿಯ ಕಾರಿಗೆ ನಡೆಯುತ್ತದೆ ಎನ್ನಲಾಗದು.

ಮತ್ತೆ ಕೆಲವರಿಗೆ ಸರಿಹೋಗಿದ್ದು ಹೇಗೆ?

ಹಲವು ಕಾರುಗಳಲ್ಲಿ ಕೀ ಆನ್ ಅಥವಾ ಆಫ್ ಮಾಡಿದಾಗ ಇಸಿಯು ತಾನಾಗಿ ಬಾಗಿಲನ್ನು ಪರೀಕ್ಷಿಸಿಕೊಳ್ಳುತ್ತದೆ. ಜೊತೆಗೆ, ನಡುಕ ಬಂದು ಹೋಗುವ ಸಮಸ್ಯೆ. ಇಂಜಿನ್ ತಣ್ಣಗಿದ್ದಾಗ ಒಂದು ರೀತಿ, ಎಸಿ ಹಾಕಿದಾಗ ಇನ್ನೊಂದು ರೀತಿ. ಟ್ರಿಕ್ ಮಾಡಿದ ಮರುದಿನ ನಡುಕ ಇಲ್ಲದಿದ್ದರೆ ಹೆಸರು ಟ್ರಿಕ್‌ಗೆ ಹೋಗುತ್ತದೆ.

ಸವೆದ ಸ್ಪಾರ್ಕ್ ಪ್ಲಗ್, ಕೆಟ್ಟ ಇಗ್ನಿಷನ್ ಕಾಯಿಲ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಕಟ್ಟಿಕೊಂಡ ಇಂಜೆಕ್ಟರ್ ಇವೆಲ್ಲವೂ ನಡುಕಕ್ಕೆ ಕಾರಣ. ಆರ್‌ಪಿಎಂ ಸ್ಥಿರವಾಗಿದ್ದೂ ಕಾರು ನಡುಗಿದರೆ ಇಂಜಿನ್ ಮೌಂಟ್ ಹೋಗಿರಬಹುದು. ಯಾವ ರೀಸೆಟ್ಟೂ ಇವನ್ನು ರಿಪೇರಿ ಮಾಡುವುದಿಲ್ಲ.

ಅಪಾಯ ಎಲ್ಲಿದೆ?

ಪೆಡಲ್ ಒತ್ತುವುದರಿಂದ ದೊಡ್ಡ ಹಾನಿಯಿಲ್ಲ, ನಿಜವಾದ ದೋಷವನ್ನು ಮುಂದೂಡುವುದರಿಂದ ಇದೆ. ಚೆಕ್ ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಇಂಜಿನ್ ಮಿಸ್‌ಫೈರ್ ಆಗುತ್ತಿದೆ ಎಂದರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡಬಹುದು. ಆಗ ಪ್ಲಗ್‌ನ ಖರ್ಚು ಹತ್ತಾರು ಪಟ್ಟಾಗುತ್ತದೆ. ಓಡುವಾಗ ಇಂಜಿನ್ ಆಫ್ ಆದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್‌ಗೂ ಹೆಚ್ಚು ಬಲ ಬೇಕಾಗುತ್ತದೆ.

‘ಬ್ಯಾಟರಿ ಬಿಚ್ಚಿ ಹಾಕಿ’ ಎನ್ನುವ ಸಲಹೆಯಿಂದ ಇಸಿಯುವಿನಲ್ಲಿರುವ ದೋಷದ ಕೋಡ್ ಅಳಿಸಿಹೋಗಬಹುದು. ಮೆಕ್ಯಾನಿಕ್‌ಗೆ ಸುಳಿವೇ ಸಿಗುವುದಿಲ್ಲ. ಕೀ ಆನ್ ಇರುವಾಗ ಥ್ರಾಟಲ್ ಬಾಗಿಲಿಗೆ ಬೆರಳು ಹಾಕಲೇಬೇಡಿ, ಮೋಟಾರ್ ಅದನ್ನು ಥಟ್ಟನೆ ಮುಚ್ಚಬಹುದು.

ಏನು ಮಾಡಬೇಕು?

ಮೊದಲು ಸ್ಕ್ಯಾನ್ ಮಾಡಿಸಿ ಕೋಡ್ ನೋಡಿಸಿ. ಮಸಿ ಕೂತಿದ್ದರೆ ಥ್ರಾಟಲ್ ಕ್ಲೀನರ್‌ನಿಂದ ತೆಗೆಸಿ, ಆಮೇಲೆ ನಿಮ್ಮ ಮಾದರಿಗೆ ಕಂಪನಿ ಹೇಳಿರುವ ಕ್ರಮದಲ್ಲೇ ರೀಸೆಟ್ ಮಾಡಿಸಿ. ಲೈಟ್ ಮಿಣುಕುತ್ತಿದ್ದರೆ ಕಾರು ಓಡಿಸುವುದನ್ನು ನಿಲ್ಲಿಸಿ.

ಇಂಥ ವಿಡಿಯೊ ನಿಮಗೂ ಬಂದರೆ ಮುಂದೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಕಾರಿಗೆ ಹೇಳಿದ್ದು? ಯಾವ ಕೆಲಸ ಮಾಡಿದ ಮೇಲೆ ಹೇಳಿದ್ದು? ಅದು ವಿಡಿಯೊದಲ್ಲಿ ಇಲ್ಲದಿದ್ದರೆ ಫಾರ್ವರ್ಡ್ ಮಾಡದಿರುವುದೇ ಒಳ್ಳೆಯದು.