ಸುಗಂಧಕ್ಕೂ ಒಂದು ಮಿತಿ



‘ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು’ ಎಂಬುದು ನಮ್ಮ ಹಿರಿಯರ ಗಾದೆ. ಗುದ್ದಾಡಿದರೂ ಮೈಗೆ ಅಂಟುವುದು ಗಂಧವೇ ತಾನೆ ಎಂಬುದು ಅದರ ತಾತ್ಪರ್ಯ. ಸಜ್ಜನರ ಸಂಗದ ಮಹಿಮೆಯನ್ನು ಹೇಳುವಾಗ ನಾನು ಈ ಮಾತನ್ನು ಅದೆಷ್ಟು ಸಭೆಗಳಲ್ಲಿ ಬಳಸಿದ್ದೇನೆಯೋ ಲೆಕ್ಕವಿಲ್ಲ. ಆದರೆ ಗಂಧದವನಿಂದಲೂ ಜನರು ಎದ್ದು ದೂರ ಹೋಗುವ ಪ್ರಸಂಗ ಉಂಟೆಂಬುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ನನ್ನ ಉಪನ್ಯಾಸವಿತ್ತು. ಹಿಂದಿನ ದಿನ ಅಭಿಮಾನಿಯೊಬ್ಬರು ಪ್ರೀತಿಯಿಂದ ಒಂದು ಪುಟ್ಟ ಸೀಸೆ ಅತ್ತರನ್ನು ಕೊಟ್ಟಿದ್ದರು. ಮುಂಜಾನೆ ಸ್ನಾನ ಮಾಡಿ ಮುಂಗೈಗೂ ಕತ್ತಿಗೂ ಅದನ್ನು ಹಚ್ಚಿಕೊಂಡೆ. ಅರ್ಧ ಗಂಟೆಯ ಬಳಿಕ ಪರಿಮಳವೇ ಇಲ್ಲವೆನಿಸಿತು, ಮತ್ತೊಮ್ಮೆ ಹಚ್ಚಿದೆ. ಹೊರಡುವ ಹೊತ್ತಿಗೆ ಶಲ್ಯಕ್ಕೂ ಎರಡು ಹನಿ ಸವರಿದೆ. ಮಳೆಗಾಲವಾದ್ದರಿಂದ ಸಭಾಂಗಣದ ಕಿಟಕಿಗಳೆಲ್ಲ ಮುಚ್ಚಿದ್ದವು. ಮಾತು ಆರಂಭಿಸಿ ಹತ್ತು ನಿಮಿಷವಾಗಿರಲಿಲ್ಲ, ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ಮೂಗಿಗೆ ಸೆರಗು ಹಿಡಿದು ಕೆಮ್ಮತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಎದ್ದು ಹೊರಗೆ ಹೋದರು. ವಿಷಯ ರುಚಿಸಲಿಲ್ಲವೇನೋ ಎಂದು ಒಳಗೊಳಗೇ ಬೇಸರಪಟ್ಟೆ.

ಸಭೆ ಮುಗಿದು ಹೊರಬಂದಾಗ ಆ ತಾಯಿ ಜಗಲಿಯ ಮೇಲೆ ಮಗಳ ಆಸರೆಯಲ್ಲಿ ಕುಳಿತು ಉಬ್ಬಸದ ಔಷಧವನ್ನು ಎಳೆದುಕೊಳ್ಳುತ್ತಿದ್ದರು. ಏನಾಯಿತೆಂದು ಕೇಳಿದೆ. “ನಿಮ್ಮ ಮಾತು ಕೇಳಬೇಕಂತ ಭಾಳ ದೂರದಿಂದ ಬಂದಿದ್ದೆರೀ ಗುರುಗಳ. ಆದ್ರ ಆ ವಾಸನಿ ಕೂಡ್ರಗೊಡಲಿಲ್ಲ ನೋಡ್ರಿ” ಎಂದರು. ನನ್ನ ಮುಖ ಬಾಡಿದ್ದನ್ನು ಕಂಡು, “ನಿಮಗ ಗೊತ್ತಾಗಿರಾಕಿಲ್ಲ ಬಿಡ್ರಿ” ಎಂದು ತಾವೇ ನನ್ನನ್ನು ಸಮಾಧಾನಪಡಿಸಿದರು.

ಆ ಕೊನೆಯ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಸುಗಂಧವನ್ನು ಧರಿಸುವ ವಿಷಯದಲ್ಲಿ ತಿಳಿಯಬೇಕಾದ ಮೊದಲ ಸತ್ಯವೇ ಅದು: ಧರಿಸಿದವನಿಗೆ ಗೊತ್ತಾಗುವುದಿಲ್ಲ. ಒಂದೇ ವಾಸನೆ ಎಡೆಬಿಡದೆ ತಾಗುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗುತ್ತದೆ. ಪರಿಮಳ ಎಲ್ಲಿಗೂ ಹೋಗಿರುವುದಿಲ್ಲ, ಅದನ್ನು ಅರಿಯುವ ಶಕ್ತಿ ಮಾತ್ರ ತಾತ್ಕಾಲಿಕವಾಗಿ ಕುಂದಿರುತ್ತದೆ. ಇದಲ್ಲದೆ ವಯಸ್ಸು 60 ದಾಟಿದಂತೆ ಘ್ರಾಣಶಕ್ತಿಯೇ ಮೆಲ್ಲಮೆಲ್ಲನೆ ಇಳಿಯುತ್ತದೆ. 2020–21ರ ಕೋವಿಡ್ ಕಾಲದಲ್ಲಿ ಎಷ್ಟೋ ಜನರು ವಾಸನೆಯನ್ನೇ ಕಳೆದುಕೊಂಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೆಲವರಿಗೆ ಅದು ಪೂರ್ತಿಯಾಗಿ ಮರಳಲೇ ಇಲ್ಲ. ಆದ್ದರಿಂದ ‘ಸಾಲದು’ ಎಂದು ನಮ್ಮ ಮೂಗು ಹೇಳುವ ತೀರ್ಪನ್ನು ನಂಬಿ ಮತ್ತೆ ಮತ್ತೆ ಹಚ್ಚಿಕೊಳ್ಳುವುದು, ಮಂದಗಿವಿಯವನು ತನಗೆ ಕೇಳಿಸಲೆಂದು ಊರೆಲ್ಲ ಕೇಳುವಂತೆ ಕೂಗಿದ ಹಾಗೆ.

ನಾಚಿಕೆಯೆಂದರೆ ಈ ಪಾಠವನ್ನು ನಾನು ಬಾಲ್ಯದಲ್ಲೇ ಕಲಿಯಬಹುದಾಗಿತ್ತು. ಮಠದಲ್ಲಿ ಓದುತ್ತಿದ್ದಾಗ ಬೆಳಗಿನ ಜಾವ ಗಂಧ ತೇಯುವುದು ನನ್ನ ಪಾಲಿನ ಸೇವೆಯಾಗಿತ್ತು. ಬೇಗ ಮುಗಿಸುವ ಅವಸರದಲ್ಲಿ ಸಾಣೆಕಲ್ಲಿನ ಮೇಲೆ ನೀರು ಸುರಿದು ಕೊರಡನ್ನು ಬಿರುಸಾಗಿ ಉಜ್ಜುತ್ತಿದ್ದೆ. ಹಿರಿಯ ವಿದ್ಯಾರ್ಥಿಯೊಬ್ಬರು ಕೈಹಿಡಿದು ನಿಲ್ಲಿಸಿ, ನೀರು ಹನಿಯಷ್ಟೇ ಸಾಕು, ಕೈ ನಿಧಾನವಾಗಿ ಸಾಗಲಿ ಎಂದು ತೋರಿಸಿಕೊಟ್ಟರು. ಹಾಗೆ ತೇಯ್ದ ಗಂಧ ಬಾಗಿಲ ತನಕವೂ ಘಮಘಮಿಸುತ್ತಿರಲಿಲ್ಲ. ಹತ್ತಿರ ಬಂದು ಬಾಗಿದವರಿಗೆ ಮಾತ್ರ ಅದರ ತಂಪು, ಅದರ ಪರಿಮಳ ತಿಳಿಯುತ್ತಿತ್ತು. ಒಳ್ಳೆಯ ಸುಗಂಧದ ಲಕ್ಷಣ ಅದೇ ಎಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ನಾಡಿನಲ್ಲಿ ಸುಗಂಧವೆಂಬುದು ಶೋಕಿಯ ವಸ್ತುವಷ್ಟೇ ಆಗಿರದೆ ಒಂದು ವಿದ್ಯೆಯೂ ಆಗಿತ್ತು. ಅದಕ್ಕೆ ‘ಗಂಧಯುಕ್ತಿ’ ಎಂದು ಹೆಸರು. ಯುಕ್ತಿಯೆಂದರೆ ಇಲ್ಲಿ ಉಪಾಯವಲ್ಲ, ತಕ್ಕ ಅಳತೆಯಲ್ಲಿ ಕೂಡಿಸುವಿಕೆ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿಕೊಂಡರೆ 1,820 ಬಗೆಗಳಾಗುತ್ತವೆ ಎಂದು ಲೆಕ್ಕ ಹಾಕಿದ್ದಾನೆ. 11ನೆಯ ಶತಮಾನದ ಚಾವುಂಡರಾಯನ ಕನ್ನಡ ಗ್ರಂಥ ಲೋಕೋಪಕಾರದಲ್ಲಿ ಅಂತರ್ಜಲ, ಗಿಡಮರಗಳ ಆರೈಕೆ, ಅಡುಗೆ ಇವುಗಳ ಜೊತೆಯಲ್ಲೇ ಸುಗಂಧದ್ರವ್ಯಗಳ ವಿಷಯವೂ ಬಂದಿದೆ. ಅಂದರೆ ಇದು ಗೃಹಸ್ಥನು ತಿಳಿದಿರಬೇಕಾದ ಸಂಗತಿಯೆಂದು ಅಂದಿನವರು ಎಣಿಸಿದ್ದರು. ಮುಂದೆ ಶರಣರು ಕೂಡಿದ ಅದೇ ಕಲ್ಯಾಣದಲ್ಲಿ ಅದಕ್ಕೂ ಮೊದಲು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಸ್ನಾನ, ವಿಲೇಪನ, ಧೂಪಗಳನ್ನು ವಿವರಿಸಿದ್ದಾನೆ. ಅಳತೆಯಿಲ್ಲದೆ ಸುಗಂಧವಿಲ್ಲ ಎಂಬ ತಿಳಿವಳಿಕೆ ಈ ಪರಂಪರೆಯ ತಿರುಳು.

ಈ ವಿದ್ಯೆಗೆ ನಮ್ಮ ನಾಡಿನ ದೊಡ್ಡ ಕೊಡುಗೆ ಶ್ರೀಗಂಧ. ಈ ಮರದ ಹೊರಗಿನ ಬಿಳಿ ಭಾಗಕ್ಕೆ ಪರಿಮಳವಿಲ್ಲ; ವರ್ಷಗಳುದ್ದಕ್ಕೂ ಒಳಗೆ ಬಲಿಯುವ ಚೇಗಿಗೂ ಬೇರಿಗೂ ಮಾತ್ರ ಅದು ಒಲಿಯುತ್ತದೆ. ಮೊದಲನೆಯ ಮಹಾಯುದ್ಧದಿಂದಾಗಿ ಗಂಧದ ಕೊರಡುಗಳು ಯುರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಎಣ್ಣೆಯನ್ನು ಇಲ್ಲಿಯೇ ಇಳಿಸಲು ನಿಶ್ಚಯಿಸಿತು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. ಗಂಧದ ಎಣ್ಣೆಯ ವಿಶೇಷವೆಂದರೆ ಅದು ಬೇಗ ಆವಿಯಾಗುವುದಿಲ್ಲ. ತನ್ನೊಡನೆ ಬೆರೆತ ಹೂವಿನ ಪರಿಮಳವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಆ ಗುಣದಿಂದಲೇ ಉತ್ತರಪ್ರದೇಶದ ಕನೌಜಿನಲ್ಲಿ ಅತ್ತರಿಗೆ ಗಂಧದೆಣ್ಣೆ ಆಧಾರವಾಯಿತು. ಅಲ್ಲಿ ಹೂವುಗಳನ್ನು ನೀರಿನೊಡನೆ ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಹದವಾದ ಉರಿ ಇಡುತ್ತಾರೆ. ಆವಿಯು ಬಿದಿರಿನ ಕೊಳವೆಯ ಮೂಲಕ ತಣ್ಣೀರಿನಲ್ಲಿರಿಸಿದ ‘ಭಪ್ಕಾ’ ಎಂಬ ಪಾತ್ರೆಗೆ ಇಳಿದು, ಅದರೊಳಗಿನ ಗಂಧದೆಣ್ಣೆಯಲ್ಲಿ ಸೇರಿಕೊಳ್ಳುತ್ತದೆ. ಸುಟ್ಟ ಮಣ್ಣಿನಿಂದ ಮೊದಲ ಮಳೆಯ ವಾಸನೆಯ ಅತ್ತರನ್ನೂ ಅವರು ಇಳಿಸುತ್ತಾರೆ. 2014ರಲ್ಲಿ ಈ ಸುಗಂಧಕ್ಕೆ ಭೌಗೋಳಿಕ ಮಾನ್ಯತೆ ದೊರೆತಿದೆ. ಗಂಧದೆಣ್ಣೆ ಬಹಳ ತುಟ್ಟಿಯಾದ್ದರಿಂದ ಈಗ ಅನೇಕ ಅತ್ತರುಗಳಿಗೆ ಬೇರೆ ಎಣ್ಣೆಗಳ ಆಧಾರವನ್ನು ಕೊಡುತ್ತಾರೆ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು.

ಇನ್ನು ಆಯ್ಕೆಯ ಮಾತು. ಪೇಟೆಯಲ್ಲಿ ದೊರೆಯುವುದು ಮುಖ್ಯವಾಗಿ ಎರಡು ಬಗೆ. ಅತ್ತರು ಎಣ್ಣೆಯದು, ಹನಿಯ ಲೆಕ್ಕದ್ದು. ಸಿಂಪಡಿಸುವ ಸೆಂಟುಗಳಲ್ಲಿ ಹೆಚ್ಚಿನ ಪಾಲು ಸ್ಪಿರಿಟ್ಟು. ‘ಪರ್ಫ್ಯೂಮ್’ ಎಂಬುದರಲ್ಲಿ ಸುಗಂಧದ ಅಂಶ ನೂರಕ್ಕೆ 20ಕ್ಕೂ ಹೆಚ್ಚು, ‘ಓ ದ ಪರ್ಫ್ಯೂಮ್’ನಲ್ಲಿ ಸುಮಾರು 15ರಿಂದ 20, ‘ಓ ದ ಟಾಯ್ಲೆಟ್’ನಲ್ಲಿ 5ರಿಂದ 15, ‘ಕಲೋನ್’ನಲ್ಲಿ ಇನ್ನೂ ಕಡಿಮೆ. ಮೂರು ಹನಿ ಕಲೋನ್ ಹಚ್ಚಿದಂತೆ ಮೂರು ಹನಿ ಅತ್ತರನ್ನು ಹಚ್ಚಿದವನ ಗತಿ ನನ್ನದೇ ಆದೀತು.

ಅಂಗಡಿಯಲ್ಲಿ ಸೀಸೆಯ ಬಾಯಿಗೆ ಮೂಗು ಹಿಡಿದು ಕೊಳ್ಳಬಾರದು. ಮೊದಲು ಕಾಗದದ ತುಂಡಿನ ಮೇಲೆ, ಒಪ್ಪಿಗೆಯಾದರೆ ಮುಂಗೈ ಮೇಲೆ ಹಚ್ಚಿಸಿಕೊಂಡು ಹೊರಗೆ ಒಂದು ಸುತ್ತು ಹಾಕಿ ಬರಬೇಕು. ಸುಗಂಧವು ಒಮ್ಮೆಲೇ ತನ್ನನ್ನು ತೋರಿಕೊಡುವುದಿಲ್ಲ. ನಿಂಬೆ, ಕಿತ್ತಳೆಗಳಂಥ ಹಗುರವಾದ ವಾಸನೆಗಳು ಮೊದಲ ಕೆಲವು ನಿಮಿಷಗಳಲ್ಲೇ ಹಾರಿಹೋಗುತ್ತವೆ. ಬಳಿಕ ಹೂವಿನ ಪರಿಮಳ ತಲೆಯೆತ್ತುತ್ತದೆ. ಕಡೆಗೆ ಉಳಿಯುವುದು ಗಂಧ, ಲಾವಂಚ, ಅಗರು, ಧೂಪದಂಥ ಭಾರವಾದವುಗಳು. ದಿನವೆಲ್ಲ ನಮ್ಮೊಡನಿರುವುದು ಆ ಕೊನೆಯದೇ ಆದ್ದರಿಂದ ಅದನ್ನು ಅರಿಯದೆ ಹಣ ಕೊಡುವುದು, ಮನೆತನವನ್ನು ವಿಚಾರಿಸದೆ ಸಂಬಂಧ ಬೆಳೆಸಿದಂತೆ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಪರೀಕ್ಷಿಸಿದರೆ ಮೂಗು ಗೊಂದಲಕ್ಕೀಡಾಗುತ್ತದೆ. ಚರ್ಮ ಸೂಕ್ಷ್ಮವಾಗಿರುವವರು ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡುವುದು ಕ್ಷೇಮ. ಬೇಸಿಗೆಗೆ ಲಾವಂಚ, ಗುಲಾಬಿಗಳು ಹಿತ. ಅಗರಿನಂಥ ಗಾಢ ಪರಿಮಳಗಳು ಚಳಿಗಾಲಕ್ಕೆ ಒಪ್ಪುತ್ತವೆ. ಸೆಕೆಯಲ್ಲಿ ಸುಗಂಧ ಬೇಗ ಆವಿಯಾಗಿ ಹರಡುವುದರಿಂದ ಪ್ರಮಾಣವನ್ನೂ ತಗ್ಗಿಸಬೇಕು.

ಬೆಲೆಯ ವಿಷಯದಲ್ಲಿ ಒಂದು ಎಚ್ಚರ. ಒಂದು ಕಿಲೋ ಅಚ್ಚ ಗುಲಾಬಿ ಎಣ್ಣೆಗೆ ಮೂರು ಸಾವಿರ ಕಿಲೋಗೂ ಹೆಚ್ಚು ಹೂವು ಬೇಕು. ನೂರು ರೂಪಾಯಿಯ ಸೀಸೆಯಲ್ಲಿ ಅಚ್ಚ ಗುಲಾಬಿ ಇದೆಯೆಂದರೆ ನಂಬುವುದು ಹೇಗೆ? ಕೃತಕ ಸುಗಂಧವಾಗಿದ್ದರೆ ದೋಷವೇನೂ ಇಲ್ಲ. ಕೃತಕವನ್ನು ಅಚ್ಚದೆಂದು ಮಾರುವುದು ದೋಷ. ಇನ್ನು ಕಸ್ತೂರಿಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. ‘ನಿಜವಾದ ಕಸ್ತೂರಿ’ ಎಂದು ಗುಟ್ಟಾಗಿ ಮಾರುವವನ ಮಾತು ಸುಳ್ಳಾದರೆ ಮೋಸ, ನಿಜವಾದರೆ ಅಪರಾಧ. ಜೀವಹತ್ಯೆಯಿಂದ ಬಂದ ಪರಿಮಳ ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ಮನೆಗಳಿಗೆ ತರವಲ್ಲ.

ಧರಿಸುವ ಕ್ರಮ ಸರಳವಾದುದು. ಸುಗಂಧವು ಸ್ನಾನಕ್ಕೆ ಬದಲಿಯಲ್ಲ. ಬೆವರಿನ ಮೇಲೆ ಸಿಂಪಡಿಸಿದರೆ ಎರಡೂ ಬೆರೆತು ಮೂರನೆಯ ವಾಸನೆಯೊಂದು ಹುಟ್ಟುತ್ತದೆ. ಹಾಸ್ಟೆಲುಗಳಲ್ಲಿರುವ ನಮ್ಮ ಹುಡುಗರಿಗೆ ಇದನ್ನು ಗದರದೆ ತಿಳಿಹೇಳಬೇಕು. ಮಿಂದು ಮೈ ಒರೆಸಿಕೊಂಡ ಬಳಿಕ ಮುಂಗೈ, ಕಿವಿಯ ಹಿಂಭಾಗ ಇವುಗಳಲ್ಲಿ ಒಂದೆಡೆ ಒಂದು ಹನಿ ಅತ್ತರು ಸಾಕು. ರೇಷ್ಮೆಯ ಮೇಲೆ ಎಣ್ಣೆಯ ಕಲೆ ಉಳಿಯುತ್ತದೆ, ಜೋಕೆ. ಸ್ಪಿರಿಟ್ಟಿನ ಸೆಂಟನ್ನು ದೀಪ, ಕರ್ಪೂರ, ಒಲೆಗಳ ಬಳಿ ಸಿಂಪಡಿಸಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಸೀಸೆಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡದೆ ಕಪಾಟಿನ ಕತ್ತಲಲ್ಲಿಟ್ಟರೆ ಬಹುಕಾಲ ಕೆಡುವುದಿಲ್ಲ.

ಎಷ್ಟು ಹಚ್ಚಬೇಕೆಂಬುದಕ್ಕೆ ನಾನೀಗ ಪಾಲಿಸುವ ಅಳತೆ ಒಂದೇ: ಒಂದು ತೋಳಿನ ಅಂತರ. ಅದರಾಚೆ ನಿಂತವರಿಗೆ ನಮ್ಮ ಸುಗಂಧ ತಿಳಿಯಬಾರದು. ನಮ್ಮ ಮೂಗು ನಂಬಿಕೆಗೆ ಅರ್ಹವಲ್ಲದ್ದರಿಂದ ಮನೆಯ ಚಿಕ್ಕವರನ್ನು ಕರೆದು ಕೇಳಬೇಕು. ಮಕ್ಕಳ ಮೂಗು ಚುರುಕು, ನಾಲಗೆ ನಿರ್ದಾಕ್ಷಿಣ್ಯ. ಆಸ್ಪತ್ರೆ, ಬಾಣಂತಿಯ ಕೋಣೆ, ಸಾವಿನ ಮನೆ, ಕಿಟಕಿ ಮುಚ್ಚಿದ ಬಸ್ಸು ಇವುಗಳಿಗೆ ಹೋಗುವಾಗ ಒಂದು ಹನಿಯೂ ಬೇಡ. ಉಬ್ಬಸ, ಅರೆತಲೆನೋವು ಇರುವವರಿಗೆ ನಮ್ಮ ಸಂತೋಷವೇ ಸಂಕಟವಾಗಬಲ್ಲದು; ಅವರಲ್ಲಿ ಅನೇಕರು ಸಂಕೋಚದಿಂದ ಬಾಯಿಬಿಟ್ಟು ಹೇಳುವುದೂ ಇಲ್ಲ.

ಮದುವೆಯ ಬಾಗಿಲಲ್ಲಿ ಅತಿಥಿಯ ಅಂಗೈಯ ಹಿಂಬದಿಗೆ ಅತ್ತರು ಸವರುವ ಪದ್ಧತಿ ನಿಮಗೆಲ್ಲ ತಿಳಿದದ್ದೇ. ಅದರಲ್ಲೊಂದು ದೊಡ್ಡ ಸೌಜನ್ಯ ಅಡಗಿದೆ. ಕೊಡುವುದು ನಮ್ಮ ಪ್ರೀತಿ, ಕೈಯನ್ನು ಮೂಗಿನ ಬಳಿಗೆ ತರುವುದೂ ಬಿಡುವುದೂ ಅತಿಥಿಯ ಇಚ್ಛೆ. ನಮ್ಮ ಪರಿಮಳವನ್ನು ಇನ್ನೊಬ್ಬರ ಉಸಿರಿನೊಳಗೆ ಕೇಳದೆ ನುಗ್ಗಿಸುವ ಹಕ್ಕು ನಮಗಿಲ್ಲವೆಂಬುದನ್ನು ಆ ಹಳೆಯ ಪದ್ಧತಿ ಯಾವ ಉಪದೇಶವೂ ಇಲ್ಲದೆ ಕಲಿಸುತ್ತದೆ.

ಆ ಅತ್ತರಿನ ಸೀಸೆ ಈಗಲೂ ನನ್ನ ಬಳಿ ಇದೆ; ಹಬ್ಬದ ದಿನ ಮನೆಯಲ್ಲಿದ್ದಾಗ ಒಂದು ಹನಿ ಹಚ್ಚಿಕೊಳ್ಳುತ್ತೇನೆ. ಉಪನ್ಯಾಸವಿರುವ ದಿನ ಮಾತ್ರ ಅದನ್ನು ಮುಟ್ಟುವುದಿಲ್ಲ. ಸಭೆಗೆ ಹೋದೊಡನೆ ಕಿಟಕಿಗಳನ್ನು ತೆರೆಯಲು ಹೇಳುತ್ತೇನೆ. ಆ ತಾಯಿಯನ್ನು ಮತ್ತೆ ಕಂಡಿಲ್ಲ. ಎಂದಾದರೂ ಬಂದರೆ ಮುಂದಿನ ಸಾಲಿನಲ್ಲೇ ಕುಳಿತು, ಕಡೆಯತನಕ ಇದ್ದು ಹೋಗಲಿ ಎಂಬುದು ನನ್ನ ಆಸೆ.