ನೂರಕ್ಕೆ ತೊಂಬತ್ತೊಂಬತ್ತು: ಯಾವುದರಲ್ಲಿ?

ಗುಂಡ್ಲುಪೇಟೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹೊರಟ ಯಾತ್ರಿಕನಿಗೆ ಮಳೆಗಾಲದಲ್ಲಿ ದೇವರ ದರ್ಶನಕ್ಕೆ ಮೊದಲೇ ಹೂವಿನ ದರ್ಶನವಾಗುತ್ತದೆ. ದಾರಿಯ ಇಕ್ಕೆಲಗಳಲ್ಲಿಯೂ ಚೆಂಡುಹೂವಿನ ಹೊಲಗಳು ಕಿತ್ತಳೆ ಬಣ್ಣದ ಜಮಖಾನ ಹಾಸಿದಂತೆ ಶೋಭಿಸುತ್ತವೆ. ಇಷ್ಟೊಂದು ಹೂವು ಯಾವ ದೇವರ ಮುಡಿಗೆ, ಯಾವ ಮದುವೆಯ ಚಪ್ಪರಕ್ಕೆ ಎಂದು ಅವನು ಬೆರಗಾಗಬಹುದು. ಇವುಗಳಲ್ಲಿ ಅನೇಕ ಹೊಲಗಳ ಹೂವು ಮುಡಿಗೂ ಅಲ್ಲ, ಚಪ್ಪರಕ್ಕೂ ಅಲ್ಲ, ಕಾರ್ಖಾನೆಗೆ.

ಕಾರ್ಖಾನೆಯಲ್ಲಿ ಎಸಳುಗಳನ್ನು ಒಣಗಿಸಿ, ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ, ಅವುಗಳ ಬಣ್ಣವನ್ನು ಹಿಂಡಿ ತೆಗೆಯುತ್ತಾರೆ. ಆ ಬಣ್ಣದ ಮುಖ್ಯ ಅಂಶ ಲ್ಯೂಟಿನ್. ಕೋಳಿಯ ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯ ಭಂಡಾರಕ್ಕೆ ಹೊಂಬಣ್ಣ ಬರುತ್ತದೆ. ಕಣ್ಣಿನ ಆರೋಗ್ಯಕ್ಕೆಂದು ಮಾರುವ ಗುಳಿಗೆಗಳಲ್ಲಿಯೂ ಅದು ಸೇರುತ್ತದೆ. ಕೊಳ್ಳುವವನು ದೂರದೇಶದವನು, ಅವನು ಹೊಲವನ್ನು ಕಂಡವನಲ್ಲ. ಆದುದರಿಂದ ಸರಕಿನ ಜೊತೆಯಲ್ಲಿ ಒಂದು ಕಾಗದವೂ ಪ್ರಯಾಣ ಮಾಡುತ್ತದೆ. ಅದೇ ಪರೀಕ್ಷಾ ಪ್ರಮಾಣಪತ್ರ.

ಆ ಕಾಗದದ ಮೇಲೆ ‘ಲ್ಯೂಟಿನ್ ಎಸ್ಟರ್ ಶೇಕಡಾ ಇಷ್ಟು’ ಎಂದು ಬರೆದಿರಬಹುದು. ಹೂವಿನಲ್ಲಿ ಲ್ಯೂಟಿನ್ ಒಂಟಿಯಾಗಿರುವುದಿಲ್ಲ. ಕೊಬ್ಬಿನ ಆಮ್ಲಗಳನ್ನು ಎರಡು ಕೈಗಳಲ್ಲಿಯೂ ಹಿಡಿದುಕೊಂಡಿರುತ್ತದೆ. ಈ ಜೋಡಿಯನ್ನೇ ಎಸ್ಟರ್ ಎನ್ನುತ್ತಾರೆ. ಲ್ಯೂಟಿನ್ನಿನ ಅಣುತೂಕ ಸುಮಾರು 569. ಪಾಮಿಟಿಕ್ ಆಮ್ಲದ ಎರಡು ಅಣುಗಳನ್ನು ಹೊತ್ತ ಎಸ್ಟರಿನದು ಸುಮಾರು 1,046. ಎಂದರೆ ನೂರು ಗ್ರಾಂ ಶುದ್ಧ ಎಸ್ಟರಿನಲ್ಲಿ ಲ್ಯೂಟಿನ್ ಇರುವುದು ಸುಮಾರು 54 ಗ್ರಾಂ ಮಾತ್ರ. ಕಾಗದದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಓದಲು ಬಾರದವನು ಅರ್ಧಕ್ಕೆ ಪೂರ್ಣದ ಬೆಲೆ ತೆರುತ್ತಾನೆ.

ಲ್ಯೂಟಿನ್ನಿನ ವಿಷಯದಲ್ಲಿ ಇಂಥ ತಪ್ಪಿನಿಂದ ನಷ್ಟವಾಗುವುದು ಬಹುಮಟ್ಟಿಗೆ ಹಣ. ಇಂದು ಇದೇ ಬಗೆಯ ಕಾಗದವನ್ನು ತೋರಿಸಿ ಮತ್ತೊಂದು ವಸ್ತುವನ್ನು ಮಾರಲಾಗುತ್ತಿದೆ. ಅಲ್ಲಿ ಪಣಕ್ಕಿಟ್ಟಿರುವುದು ದೇಹ. ಆ ವಸ್ತುವೇ ‘ಸಂಶೋಧನಾ ಪೆಪ್ಟೈಡ್’. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಕಿರುಸರವೇ ಪೆಪ್ಟೈಡ್. ಮಧುಮೇಹಿಗಳಿಗೆ ಜೀವದಾನ ಮಾಡಿದ ಇನ್ಸುಲಿನ್ 51 ಮಣಿಗಳ ಅಂತಹದೊಂದು ರಚನೆ. ಪ್ರಯೋಗಾಲಯದ ಕೆಲಸಕ್ಕೆಂದು ಸಿದ್ಧವಾಗುವ ಬೇರೆ ಬೇರೆ ಪೆಪ್ಟೈಡುಗಳ ಬಿಳಿಯ ಪುಡಿ ಸಣ್ಣ ಸೀಸೆಗಳಲ್ಲಿ ಬರುತ್ತದೆ. ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ. ಆದರೆ ಮೈ ಕರಗಿಸಲು, ಸ್ನಾಯು ಬೆಳೆಸಲು ಆತುರಪಡುವವರು ಅದನ್ನು ತರಿಸಿ ತಾವೇ ಚುಚ್ಚಿಕೊಳ್ಳುವುದುಂಟು. ಸಂದೇಹಿಸಿದವರಿಗೆ ಮಾರುವವನು ಪ್ರಮಾಣಪತ್ರ ತೋರಿಸುತ್ತಾನೆ: ‘ಶುದ್ಧತೆ ಶೇಕಡಾ 99.’

ಯಾವುದರಲ್ಲಿ 99? ಇದೇ ಕೇಳಬೇಕಾದ ಪ್ರಶ್ನೆ.

ಈ ಅಂಕಿ ಸಾಮಾನ್ಯವಾಗಿ ಬರುವುದು ಎಚ್‌ಪಿಎಲ್‌ಸಿ ಎಂಬ ಯಂತ್ರದಿಂದ. ಪುಡಿಯನ್ನು ಕರಗಿಸಿ ಒಂದು ಕೊಳವೆಯ ಮೂಲಕ ಹಾಯಿಸಿದಾಗ ಅದರಲ್ಲಿರುವ ಪದಾರ್ಥಗಳು ಒಂದೊಂದಾಗಿ ಹೊರಬರುತ್ತವೆ. ಹೊರಬಂದುದರ ಮೇಲೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಬೀರಿದಾಗ, ಬೆಳಕನ್ನು ಹೀರುವ ಪ್ರತಿಯೊಂದು ಪದಾರ್ಥವೂ ಕಾಗದದ ಮೇಲೆ ಒಂದು ಶಿಖರವಾಗಿ ಮೂಡುತ್ತದೆ. ಎಲ್ಲ ಶಿಖರಗಳ ಒಟ್ಟು ವಿಸ್ತೀರ್ಣದಲ್ಲಿ ದೊಡ್ಡ ಶಿಖರದ ಪಾಲು ಎಷ್ಟೋ ಅದೇ ಶುದ್ಧತೆ. ನೀರಾಗಲಿ ಅನೇಕ ಲವಣಗಳಾಗಲಿ ಆ ಬೆಳಕಿನಲ್ಲಿ ಕಾಣುವುದಿಲ್ಲ; ಆದುದರಿಂದ ಲೆಕ್ಕಕ್ಕೂ ಬರುವುದಿಲ್ಲ. ಸುಮಾರು 1,450 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟದಲ್ಲಿ ಮಂಜು ಕವಿದಾಗ ಎದುರಿನ ಇಳಿಜಾರಿನ ಕಾಡಾನೆ ಕಾಣದು. ಕಾಣದ ಮಾತ್ರಕ್ಕೆ ಆನೆಯಿಲ್ಲವೆಂದು ಬೆಟ್ಟವನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಸೀಸೆಯಲ್ಲಿ 10 ಮಿಲಿಗ್ರಾಂ ಪುಡಿಯಿದ್ದು, ಅದರಲ್ಲಿ ಐದನೆಯ ಒಂದು ಪಾಲು ನೀರು ಮತ್ತು ಲವಣವೆಂದು ಭಾವಿಸಿದರೆ, ಪೆಪ್ಟೈಡ್ ಭಾಗ 8 ಮಿಲಿಗ್ರಾಂ. ಅದರ ಶೇಕಡಾ 99 ಎಂದರೆ 7.92 ಮಿಲಿಗ್ರಾಂ. ಶುದ್ಧತೆ ಬೇರೆ, ಪರಿಮಾಣ ಬೇರೆ.

ಆ ದೊಡ್ಡ ಶಿಖರದ ಹೆಸರೇನು? ಅದನ್ನೂ ಎಚ್‌ಪಿಎಲ್‌ಸಿ ತಾನಾಗಿ ಹೇಳಲಾರದು. ಬೇರೊಂದು ಪೆಪ್ಟೈಡ್ ಕೂಡ ಶೇಕಡಾ 99ರಷ್ಟು ಶುದ್ಧವಾಗಿರಬಹುದು. ಗುರುತು ಹಿಡಿಯಲು ಅಣುವಿನ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಎರಡು ಮಣಿಗಳು ಸ್ಥಾನ ಬದಲಿಸಿಕೊಂಡರೆ ಸರದ ತೂಕ ಬದಲಾಗುವುದಿಲ್ಲ. ಆದುದರಿಂದ ತೂಕವೊಂದೇ ಕೊನೆಯ ಮಾತಲ್ಲ.

ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಎಂಡೋಟಾಕ್ಸಿನ್. ಕೆಲವು ಬ್ಯಾಕ್ಟೀರಿಯಗಳ ಹೊರಕವಚದ ಈ ಚೂರುಗಳು, ಬ್ಯಾಕ್ಟೀರಿಯ ಸತ್ತ ಮೇಲೆಯೂ ಉಳಿಯುತ್ತವೆ, ಕುದಿಸಿದರೂ ನಾಶವಾಗುವುದಿಲ್ಲ. ರಕ್ತಕ್ಕೆ ಸೇರಿದರೆ ಜ್ವರ, ನಡುಕ. ಹೆಚ್ಚಾದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಶೇಕಡಾ 99 ಎಂಬ ಅಂಕಿ ಇದರ ವಿಷಯದಲ್ಲಿ ಮೌನವಾಗಿರುತ್ತದೆ. ಅದಕ್ಕೂ ಕ್ರಿಮಿರಾಹಿತ್ಯಕ್ಕೂ ಬೇರೆ ಬೇರೆ ಪರೀಕ್ಷೆಗಳೇ ಇವೆ.

ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುವ ಪರೀಕ್ಷೆಯಿಂದ ಎಂತಹ ಅನರ್ಥವಾಗಬಹುದೆಂಬುದನ್ನು 2008ರಲ್ಲಿ ಚೀನಾ ದೇಶ ಕಂಡಿತು. ಹಾಲಿನ ಪ್ರೋಟೀನನ್ನು ಅದರಲ್ಲಿರುವ ಸಾರಜನಕದಿಂದ ಅಳೆಯುವ ವಿಧಾನವನ್ನು ಡೆನ್ಮಾರ್ಕಿನ ಯೋಹಾನ್ ಕೆಲ್‌ಡಾಲ್ 1883ರಲ್ಲಿ ರೂಪಿಸಿದ್ದನು. ಸಾರಜನಕ ಪ್ರೋಟೀನಿನಿಂದಲೇ ಬಂದಿತೇ ಎಂದು ಆ ವಿಧಾನ ಕೇಳುವುದಿಲ್ಲ. ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಸೇರಿಸಿದರು. ಪರೀಕ್ಷೆಯಲ್ಲಿ ಹಾಲು ತೇರ್ಗಡೆಯಾಯಿತು. ಸುಮಾರು ಮೂರು ಲಕ್ಷ ಶಿಶುಗಳು ರೋಗಕ್ಕೆ ತುತ್ತಾದವು; ಆರು ಶಿಶುಗಳು ಸತ್ತವು.

ಆದುದರಿಂದ ಪ್ರಮಾಣಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದುದು ಅಂಕಿಯನ್ನಲ್ಲ. ಕಾಗದದ ಬ್ಯಾಚ್ ಸಂಖ್ಯೆಯೂ ಸೀಸೆಯ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ? ಪರೀಕ್ಷಿಸಿದವರು ಮಾರುವವರೇ, ಬೇರೆಯವರೇ? ಯಾವ ದಿನ, ಯಾವ ವಿಧಾನದಿಂದ? ಗುರುತು, ನೀರು, ಲವಣ, ಎಂಡೋಟಾಕ್ಸಿನ್‌ಗಳಿಗೆ ಪ್ರತ್ಯೇಕ ಸಾಲುಗಳಿವೆಯೇ? ಭಾರತದಲ್ಲಿ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್. ಆ ಮಾನ್ಯತೆ ನಿರ್ದಿಷ್ಟ ಪರೀಕ್ಷೆಗಳಿಗೆ ಸಲ್ಲುವುದೇ ಹೊರತು ಪ್ರಯೋಗಾಲಯ ಮಾಡುವುದೆಲ್ಲಕ್ಕೂ ಅಲ್ಲ. ಪ್ರತಿಯನ್ನು ತಿದ್ದುವುದು ಸುಲಭವಾದುದರಿಂದ ಪ್ರಯೋಗಾಲಯವನ್ನೇ ವಿಚಾರಿಸುವುದು ಕ್ಷೇಮ. ‘ಫಲಿತಾಂಶವು ಪರೀಕ್ಷೆಗೆ ಒಪ್ಪಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ’ ಎಂಬರ್ಥದ ಸಣ್ಣ ಅಕ್ಷರದ ಸಾಲನ್ನೂ ಮರೆಯಬಾರದು. ಆ ಮಾದರಿಯನ್ನು ಆರಿಸಿದವನು ಬಹುಶಃ ಮಾರುವವನೇ.

ಇಷ್ಟೂ ಸರಿಯಾಗಿದ್ದರೂ ಆ ಕಾಗದ ಪುಡಿಯನ್ನು ಔಷಧವನ್ನಾಗಿ ಮಾಡಲಾರದು. ಔಷಧವೆನಿಸಿಕೊಳ್ಳಲು ಮನುಷ್ಯರ ಮೇಲಿನ ಕ್ರಮಬದ್ಧ ಪ್ರಯೋಗ, ಪರವಾನಗಿ ಪಡೆದ ಕಾರ್ಖಾನೆ, ಪ್ರಮಾಣವನ್ನು ಬಲ್ಲ ವೈದ್ಯ ಇವೆಲ್ಲವೂ ಬೇಕು. ಆತುರದ ಗಿರಾಕಿ 99ನ್ನು ಓದಿ, ‘ಸಂಶೋಧನೆಗೆ ಮಾತ್ರ’ ಎಂಬುದನ್ನು ಬಿಟ್ಟುಬಿಡುತ್ತಾನೆ. ಪ್ರಾಣಕ್ಕೆ ಸಂಬಂಧಿಸಿದ ಮಾತು ಇರುವುದು ಅಲ್ಲಿಯೇ.