‘ಎಂತ’ ಅಂದ್ರೆ ಮಂಗಳೂರೇ ಆಗ್ಬೇಕಾ?

ಬೆಂಗಳೂರಿನ ಹಾಸ್ಟೆಲಿನಲ್ಲಿ ಮೊದಲ ದಿನ ‘ಎಂತ ಮಾರಾಯ’ ಅಂದೆ. ‘ಓ, ಮಂಗ್ಳೂರಾ!’ ಎಂದು ಕೋಣೆಗೆ ಕೋಣೆಯೇ ನಕ್ಕಿತು. ಅಲ್ಲ, ಮೂಡಿಗೆರೆ ಅಂದರೆ ‘ಹಾಗಾದ್ರೆ ಎಸ್ಟೇಟ್ ಸಾಹುಕಾರ’ ಅಂದರು. ನಮಗಿರುವುದು ಎರಡೆಕರೆ ಕಾಫಿ.

ಸಿನಿಮಾ ಕಲಿಸಿದ ಪಾಠವಿದು: ‘ಎಂತ’ ಅಂದವನು ಮಂಗಳೂರಿನವನು, ಮಂಗಳೂರಿನವನು ನಗಿಸಲಿಕ್ಕೇ ಹುಟ್ಟಿದವನು. ಕಳಸದ ಪೇಟೆಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಗೌಡರ ಕನ್ನಡ, ತುಳು, ಕೊಂಕಣಿ, ಬ್ಯಾರಿ, ತೋಟದ ಲೈನಿನ ತಮಿಳು. ಯಾವುದನ್ನು ‘ಮಲೆನಾಡಿನ ಭಾಷೆ’ ಅಂತೀರಿ?

ತೇಜಸ್ವಿ ಮೂಡಿಗೆರೆಯಲ್ಲಿದ್ದು ಬರೆದ ‘ಕರ್ವಾಲೊ’ 1980ರಲ್ಲಿ ಬಂತು. ಅದನ್ನು ಓದಿ ನಗದವರುಂಟೇ? ಆದರೆ ಆ ನಗು ಮಂದಣ್ಣನ ಉಚ್ಚಾರಣೆಯ ಮೇಲಿನದ್ದಲ್ಲ. ಹಾರುವ ಓತಿಯ ಸುಳಿವಿಗೆ ವಿಜ್ಞಾನಿಯೇ ಅವನ ಮಾತನ್ನು ಕಿವಿಗೊಟ್ಟು ಕೇಳಬೇಕಾಗುತ್ತದೆ. ನಮ್ಮ ಕಾಮಿಡಿ ಬರೆಯುವವರು ಅಷ್ಟಾದರೂ ಕೇಳಬಾರದೇ?

ಹಾಗಂತ ನಾವೇನು ಸಾಚಾಗಳಲ್ಲ. ಹಣ್ಣು ಕೊಯ್ಯಲು ಉತ್ತರ ಕರ್ನಾಟಕದಿಂದ ಬಂದವರ ‘ಹೌದ್ರೀ, ಏನ್ರೀ’ಯನ್ನು ಕಾಫಿ ಕಣದಲ್ಲಿ ರಾಗವಾಗಿ ಅಣಕಿಸಿದವರಲ್ಲಿ ನಾನೂ ಒಬ್ಬ. ಎಲ್ಲರೂ ನಕ್ಕರು. ಒಬ್ಬಾಕೆ ಮಾತ್ರ ಮರುದಿನದಿಂದ ನನ್ನೆದುರು ಬಾಯಿ ಬಿಡಲಿಲ್ಲ. ಸಂಜೆ ಹಣ್ಣು ಅಳೆಸುವಾಗ ಎಷ್ಟು ಚೀಲ ಎಂದು ಕೇಳಿದರೆ, ಬೆರಳೆತ್ತಿ ತೋರಿಸುತ್ತಿದ್ದರು.